ತಂಗಿಯ ಹೆಸರಿನ ಸೂಪು

ಅಮ್ಮಾ,

ನೀನು ತೀರಿಕೊಂಡ ಮೇಲೆ ತಂಗಿ ನಿನ್ನ ತರಕಾರಿ ಸೂಪನ್ನು ಅಡುಗೆ ಪುಸ್ತಕವೊಂದರಲ್ಲಿ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ್ದಾಳೆ.

ಒಲೆ ಆರಿಸಿದ ಮೇಲೆಯೇ ನಿಂಬೆಹಣ್ಣು ಹಿಂಡಬೇಕಂತೆ. ನನಗೆ ನೀನು ಇದನ್ನು ಹೇಳಲೇ ಇಲ್ಲ. ಸೌಟು ಯಾವಾಗಲೂ ಅವಳ ಕೈಗೆ, ಈರುಳ್ಳಿ ನನ್ನ ಕೈಗೆ. ಇಷ್ಟು ವರ್ಷ ಕುದಿಯುವಾಗಲೇ ಹಿಂಡಿ, ಕಹಿ ಸೂಪು ಕುಡಿದೆ.

ಇವತ್ತು ಪುಸ್ತಕ ನೋಡಿಕೊಂಡು ಮಾಡಿದೆ. ಮಗಳು ಬಟ್ಟಲು ಖಾಲಿ ಮಾಡಿ, "ಥೇಟ್ ಚಿಕ್ಕಮ್ಮ ಮಾಡಿದ ಹಾಗೇ ಇದೆ" ಅಂದಳು. ಅಜ್ಜಿ ಮಾಡಿದ ಹಾಗೆ ಅನ್ನಲಿಲ್ಲ.

ಮಾಡಿ ನೋಡಿದವರು ಅನುಭವ ಬರೆಯಿರಿ ಎಂದು ಪ್ರಕಾಶಕರು ಕೇಳಿದ್ದಾರೆ. "ಉಪ್ಪು ಜಾಸ್ತಿ, ರುಚಿ ಅಷ್ಟಕ್ಕಷ್ಟೆ" ಎಂದು ಬರೆದು ಕಳಿಸಿದೆ. ಹೊಟ್ಟೆಕಿಚ್ಚು ಅಂದುಕೋ.

ಆಮೇಲೆ ಯಾರೂ ಇಲ್ಲದಾಗ ಪಾತ್ರೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದೆ. ಥೇಟ್ ನೀನು ಮಾಡಿದ ಹಾಗೇ ಇತ್ತು.