ಎರಡು ಗಂಟೆ ನಲವತ್ತೈದು ನಿಮಿಷ

ಬಾತಿ, ದಾವಣಗೆರೆ
21 ಜನವರಿ 2024

ಪ್ರಶಾಂತ ಅವರಿಗೆ,

ಸ್ನೇಹಾಳ ನಮಸ್ಕಾರ. ಹದಿಮೂರು ದಿನದಿಂದ ನೀವು ನನ್ನ ಫೋನ್ ಎತ್ತುತ್ತಿಲ್ಲ. ಹೆರಿಗೆಯಾದ ಸುದ್ದಿಯಷ್ಟನ್ನೇ ಅಪ್ಪ ಮೆಸೇಜಿನಲ್ಲಿ ತಿಳಿಸಿದ್ದರು, ಅದಕ್ಕೂ ಉತ್ತರ ಬರಲಿಲ್ಲ. ಕಾಗದವನ್ನಾದರೂ ಪೂರ್ತಿ ಓದುತ್ತೀರಿ ಎಂದು ಬರೆಯುತ್ತಿದ್ದೇನೆ.

ದಿನ ತುಂಬಿದವಳು ವಿಮಾನ ಹತ್ತಬಾರದು ಎಂದು ನೀವು ಹೇಳಿದ್ದು ಸರಿಯೇ. ಆದರೆ ನಮ್ಮ ಮೊದಲ ಮಗು ಕಣ್ಣು ಬಿಡದೆ ಹೋದ ದೆಹಲಿಯ ಆ ವಾರ್ಡಿಗೆ ಮತ್ತೆ ಕಾಲಿಡುವ ಧೈರ್ಯ ನನಗಿರಲಿಲ್ಲ. ತವರಿಗೆ ಕಳಿಸಿ ಎಂದು ಮೂರು ತಿಂಗಳು ಕೇಳಿದೆ. ರೈಲಾದರೆ ಎರಡು ದಿನ, ಬೇಡ ಅಂದಿರಿ. ವಿಮಾನವಾದರೆ ಮುಂದಿನ ವಾರ ನೋಡೋಣ ಅಂದಿರಿ. ಹಾಗೆ ನೋಡುತ್ತ ನೋಡುತ್ತ ಡಾಕ್ಟರೇ ಬೇಡವೆನ್ನುವ ದಿನ ಬಂತು.

ಆ ಸೋಮವಾರ ನೀವು ಆಫೀಸಿಗೆ ಹೋದ ಮೇಲೆ, ಮನೆಯಲ್ಲಿ ಹೇಳದೆ ಹೊರಟೆ. ಕೌಂಟರಿನಲ್ಲಿ ಏಳು ತಿಂಗಳು ಎಂದು ಸುಳ್ಳು ಹೇಳಿದೆ. ಮೈತುಂಬ ಶಾಲು ಹೊದ್ದಿದ್ದರಿಂದ ನಂಬಿದರು. ಹುಬ್ಬಳ್ಳಿಗೆ ಒಂದೂವರೆ ಸಾವಿರ ಕಿಲೋಮೀಟರ್, ಎರಡು ಗಂಟೆ ನಲವತ್ತೈದು ನಿಮಿಷ. ಅಷ್ಟು ಹೊತ್ತು ತಡೆದುಕೊಳ್ಳಲಾರೆನೇ ಎಂದುಕೊಂಡಿದ್ದೆ.

ಮೇಲೇರಿ ಮುಕ್ಕಾಲು ಗಂಟೆಗೆ ನೋವು ಶುರುವಾಯಿತು. ಹೇಳಿದರೆ ನಡುವೆ ಯಾವುದೋ ಊರಿನಲ್ಲಿ ಇಳಿಸುತ್ತಾರೆ, ಅಲ್ಲಿ ನನ್ನವರೆನ್ನುವವರು ಯಾರೂ ಇಲ್ಲ. ಹಲ್ಲು ಕಚ್ಚಿ ಕೂತೆ. ಪಕ್ಕದಲ್ಲಿ ಹರಿಹರದ ಚೌಡೇಶ್ವರಿ ಎಂಬ ಟೀಚರ್ ಇದ್ದರು. ಅವರಿಗೆ ತಿಳಿದುಹೋಯಿತು.

“ನಾನೂ ಎರಡು ಹೆತ್ತಾಕೀನವ್ವ, ಮುಚ್ಚಿಡಬ್ಯಾಡ,” ಅಂದರು. “ಟೈಮ್ ನಾನು ನೋಡ್ತೀನಿ. ಹತ್ತು ನಿಮಿಷಕ್ಕಿಂತ ಬೇಗ ನೋವು ಬಂತಂದ್ರ ಬೆಲ್ ಒತ್ತಿಬಿಡ್ತೀನಿ.”

ಹದಿನೈದಕ್ಕೊಮ್ಮೆ ಬರುತ್ತಿದ್ದದ್ದು ಹದಿಮೂರಾಯಿತು, ಹನ್ನೆರಡಾಯಿತು. ಹನ್ನೊಂದಕ್ಕೆ ಬಂದಾಗ ಚಕ್ರ ನೆಲ ಮುಟ್ಟಿತು.

ಇಲ್ಲೇ ಆಸ್ಪತ್ರೆಗೆ ನಡಿ ಎಂದು ಟೀಚರ್ ಎಷ್ಟೋ ಹೇಳಿದರು. ಆಗ ನೋವು ತುಸು ತಗ್ಗಿತ್ತು, ಹೊರಡುವಾಗ ಫೋನ್ ಮಾಡಿದ್ದರಿಂದ ಅಪ್ಪ ಕಾರು ತಂದಿದ್ದರು, ದಾವಣಗೆರೆಗೇ ಹೋಗಬೇಕೆಂದು ಹಟ ಹಿಡಿದೆ. ಟೀಚರ್ ನನ್ನ ಕೈ ಬಿಡದೆ ಜೊತೆಗೇ ಕಾರು ಹತ್ತಿದರು. ರಾಣೆಬೆನ್ನೂರು ದಾಟುತ್ತಿದ್ದಂತೆ ನೀರು ಹೋಯಿತು. ದಾವಣಗೆರೆ ಮುಟ್ಟುವುದಿಲ್ಲ ಎಂದು ಅಪ್ಪ ಹರಿಹರದ ಆಸ್ಪತ್ರೆಗೆ ತಿರುಗಿಸಿದರು.

ಮಗು ಹುಟ್ಟಿತು, ಅಳಲಿಲ್ಲ. ಆಗ ನಾನು ನಿಮ್ಮ ಹೆಸರು ಹಿಡಿದು ಕೂಗಿದೆನಂತೆ, ನನಗೆ ನೆನಪಿಲ್ಲ. ನರ್ಸ್ ಬೆನ್ನು ಉಜ್ಜಿ ಉಜ್ಜಿ, ಕೊನೆಗೆ ಬೆಕ್ಕಿನ ಮರಿಯಂಥ ದನಿ ಬಂತು. ಹೆಣ್ಣು, ಎರಡು ಕಿಲೋ ನೂರು ಗ್ರಾಂ. ದಾವಣಗೆರೆಯಲ್ಲಿ ಹತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಮೊನ್ನೆ ಮನೆಗೆ ತಂದೆವು. ಈಗ ಹಾಲು ಕುಡಿಯುತ್ತಾಳೆ.

ನಾನು ಮಾಡಿದ್ದು ತಪ್ಪು. ಅವಳಿಗೇನಾದರೂ ಆಗಿದ್ದರೆ, ನೀವು ಕ್ಷಮಿಸುವುದು ಹಾಗಿರಲಿ, ನಾನೇ ನನ್ನನ್ನು ಕ್ಷಮಿಸಿಕೊಳ್ಳುತ್ತಿರಲಿಲ್ಲ. ಆದರೆ ನನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೋರಿಸಬೇಡಿ. ಬಂದು ನೋಡಿ.

ದಾರಿ ಕಾಯುತ್ತಿರುವ,
ಸ್ನೇಹಾ

ಮ.ವಿ.: ಮನೆಯಲ್ಲಿ ಹೇಳದೆ ಹೊರಟೆ ಎಂದು ಬರೆದದ್ದು ಸುಳ್ಳು. ಟಿಕೆಟ್ ತೆಗೆಸಿ, ಟ್ಯಾಕ್ಸಿ ಹತ್ತಿಸಿದ್ದು ನಿಮ್ಮ ಅಮ್ಮ. ನಿಮಗಿಂತ ಮೊದಲು ಅವರಿಗೊಂದು ಹೆಣ್ಣು ಹುಟ್ಟಿ ಉಳಿಯಲಿಲ್ಲವಂತೆ. ಆ ಹೆರಿಗೆಗೆ ತವರು ನಂದಿಗುಡಿಗೆ ಕಳಿಸಿ ಎಂದು ಕಾಲು ಹಿಡಿದರೂ ನಿಮ್ಮ ಅಪ್ಪ ಕಳಿಸಿರಲಿಲ್ಲವಂತೆ. ಅಮ್ಮ ಇದನ್ನು ನಿಮಗೆ ಈವರೆಗೂ ಹೇಳಿಲ್ಲವಂತೆ. ಅವರ ಮೇಲೆ ಕೂಗಾಡಬೇಡಿ. ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ.