ಇಬ್ಬರ ಆಟವನ್ನೂ ನೋಡಿದವಳು

ಹಿಂದಿನ ಕೋಣೆ, ಹೊಲಿಗೆ ಯಂತ್ರದ ಪಕ್ಕ
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಹಡಗಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಎಂಜಿನ್ ರೂಮಿನಲ್ಲೇ ಬ್ರೆಡ್ಡು ಕಚ್ಚಿಕೊಂಡು ನಿಂತಿರುತ್ತೀಯೋ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ. ಕೇಳಿದರೆ "ಏನಿಲ್ಲಮ್ಮ, ಹೊಗೆ" ಅಂದೆ. ಹೊಗೆಯೋ ಏನೋ, ಬಿಸಿನೀರು ಕುಡಿ. ನನ್ನ ಕಣ್ಣು ಪರವಾಗಿಲ್ಲ, ಸೂಜಿಗೆ ದಾರ ಪೋಣಿಸಲು ಮಾತ್ರ ಯಾರನ್ನಾದರೂ ಕರೆಯಬೇಕು. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ ಎಂದು ಬರೆಯೋಣವೆಂದರೆ ಸುಳ್ಳಾಗುತ್ತದೆ. ಪೆನ್ನು ಹಿಡಿದು ಕೂತಿದ್ದೇ ಅದಕ್ಕೆ. ಫೋನಿನಲ್ಲಿ ಹೇಳುವುದು ಹೇಗೆ? ಅದನ್ನು ನನ್ನ ಕಿವಿಗೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವವನೇ ನಿನ್ನ ಮಗ. ಅಪ್ಪನಿಗೆ ಹೇಳಿದರೆ ಮನೆ ಬಿಟ್ಟು ಹೋಗುತ್ತೇನೆಂದು ಹೆದರಿಸಿ ಅವರಮ್ಮನ ಬಾಯಿಗೆ ಬೀಗ ಹಾಕಿಸಿದ್ದಾನೆ. ನನ್ನನ್ನು ಹೆದರಿಸುವಷ್ಟು ಉದ್ದ ಅವನಿನ್ನೂ ಬೆಳೆದಿಲ್ಲ. ನಾಡಿದ್ದು ನಿಮ್ಮ ಹಡಗು ಹತ್ತಲು ಹೊರಟಿರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಇದನ್ನು ಕೊಡುತ್ತೇನೆ.

ನಿಮ್ಮ ಕಾಲೇಜಿನವರು ಮರದ ನೆಲ ಹಾಕಿ ಹೊಸ ಬ್ಯಾಸ್ಕೆಟ್‌ಬಾಲ್ ಅಂಗಣ ಕಟ್ಟಿಸಿದ್ದಾರೆ. ಕಾಲೇಜು ಶುರುವಾದಾಗಿನಿಂದ ಆಡಿದವರಲ್ಲೆಲ್ಲ ಮೇಲು ಯಾರೋ, ಅವರ ಆಳೆತ್ತರದ ಫೋಟೋ ಬಾಗಿಲಲ್ಲಿ ಹಾಕುತ್ತಾರಂತೆ. ಸೋಸಿ ಸೋಸಿ ಉಳಿದಿರುವುದು ಎರಡೇ ಹೆಸರು, ನಿನ್ನದು ಮತ್ತು ನಿನ್ನ ಮಗ ಗಿಡ್ಡನದು. (ಆರಡಿ ಮೂರಿಂಚಿನವನನ್ನು ಇನ್ನೂ ಗಿಡ್ಡ ಎನ್ನುತ್ತೀಯಲ್ಲ ಅಜ್ಜಿ ಎಂದು ಅವನ ಸ್ನೇಹಿತರು ನಗುತ್ತಾರೆ. ಹುಟ್ಟಿದಾಗ ಗಿಡ್ಡಗಿದ್ದ, ನನಗೆ ಅಷ್ಟು ಸಾಕು.) ಮುಂದಿನ ತಿಂಗಳ ಫೈನಲ್ ಮುಗಿದ ಮೇಲೆ ತೀರ್ಮಾನ. ಬೀದಿಯಲ್ಲಿ ಬೇರೆ ಮಾತೇ ಇಲ್ಲ. ನಿನ್ನ ಜೊತೆ ಆಡಿದ ಕಟಿಂಗ್ ಶಾಪಿನವನಂತೂ ಗಿರಾಕಿಯ ಅರ್ಧ ತಲೆ ಹಾಗೇ ಬಿಟ್ಟು ಕತ್ತರಿ ಝಳಪಿಸುತ್ತ, "ಆಗ ಮೂರು ಪಾಯಿಂಟಿನ ಗೆರೆ ಎಲ್ಲಿತ್ತು? ಇದ್ದಿದ್ರೆ ಅವನನ್ನ ಹಿಡಿಯೋರೇ ಇರ್ತಿರ್ಲಿಲ್ಲ" ಎನ್ನುತ್ತಾನೆ. ನೀನು ದೂರದಿಂದ ಹಾಕಿದ್ದನ್ನೆಲ್ಲ ಮೂರು ಮೂರು ಎಂದೇ ಎಣಿಸುತ್ತಾನೆ. ನೀನು ಚೆಂಡು ಮುಟ್ಟಿ ಎಷ್ಟು ಕಾಲವಾಯಿತೋ, ನಿನ್ನ ಪಾಯಿಂಟು ಮಾತ್ರ ವಾರವಾರ ಏರುತ್ತಿದೆ. ಈಗಿನ ಹುಡುಗರು ಬಿಡುತ್ತಾರೆಯೇ? "ಆಗಿನವರು ಎಷ್ಟು ನಿಧಾನ, ಈಗ ಆಡಿದ್ರೆ ಬೆಂಚ್ ಕಾಯ್ತಿದ್ರು" ಅನ್ನುತ್ತಾರೆ. ಆಮೇಲೆ ಎಲ್ಲರೂ ನನ್ನ ತಲೆ ತಿನ್ನುತ್ತಾರೆ. ಇಬ್ಬರ ಆಟವನ್ನೂ ಒಂದೂ ಬಿಡದೆ ನೋಡಿದವಳು ನಾನೊಬ್ಬಳೇ ಅಂತೆ, ನಾನೇ ಹೇಳಬೇಕಂತೆ.

ಏನೆಂದು ಹೇಳಲಿ? ನೀನು ಆಡಿದ್ದು ಸಿಮೆಂಟು ನೆಲದಲ್ಲಿ, ಅಡಿ ಸವೆದ ಕ್ಯಾನ್ವಾಸ್ ಶೂ ಹಾಕಿಕೊಂಡು. ನಾನು ಹೊಲಿದುಕೊಟ್ಟ ಹತ್ತಿ ಬನಿಯನ್ನು ಅರ್ಧ ಆಟಕ್ಕೇ ಬೆವರಲ್ಲಿ ನೆನೆದು ಮೈಗೆ ಅಂಟಿರುತ್ತಿತ್ತು. ಆ ಚಡ್ಡಿಯೋ, ತಂತಿಯ ಮೇಲೆ ಒಣಗಿಹಾಕಲು ನನಗೇ ನಾಚಿಕೆ! ಈಗಿನದರಲ್ಲಿ ಇಬ್ಬರು ತೂರಬಹುದು. ಬೈದುಕೊಳ್ಳಬೇಡ, ಚೆಂಡು ಕೈಗೆ ಬಂದರೆ ನಿನಗೆ ಲೋಕವೇ ಬೇಕಿರಲಿಲ್ಲ, ನೀನು ಮತ್ತು ಆ ಬುಟ್ಟಿ ಅಷ್ಟೇ. ಇವನು ಮೊದಲು ಜೊತೆಯವರನ್ನು ನೋಡುತ್ತಾನೆ. ಆದರೆ ಕೊನೆಯ ನಿಮಿಷದಲ್ಲಿ ನಿನಗಿದ್ದ ಎದೆಗಾರಿಕೆ ಇವನಿಗಿಲ್ಲ, ಚೆಂಡನ್ನು ಬೇರೆಯವರಿಗೆ ದಾಟಿಸಿಬಿಡುತ್ತಾನೆ. ಒಬ್ಬರ ಅಳತೆ ತೆಗೆದು ಇನ್ನೊಬ್ಬರಿಗೆ ಅಂಗಿ ಹೊಲಿಯುವುದು ಯಾವ ನ್ಯಾಯ ಎಂದು ಕೇಳಿದೆ. ಎಲ್ಲರೂ ನಕ್ಕು, "ಅಜ್ಜಿ ಜಾರ್ಕೊಂಡ್ರು" ಎಂದರು.

ಅವರು ನಗಲಿ. ನನ್ನ ನಗು ಹೋದ ಬುಧವಾರವೇ ನಿಂತಿತು. ಗಿಡ್ಡ ಪ್ರಾಕ್ಟೀಸಿನ ಪ್ಯಾಂಟು ತಂದು, "ಅಜ್ಜಿ, ಎಡಗಾಲು ಒಂಚೂರು ಬಿಡಿಸಿಕೊಡು" ಅಂದ. ಬಲಗಾಲೋ ಎಂದೆ. "ಅದು ಸರಿಯಾಗಿದೆ" ಅಂದ. ಇಷ್ಟು ವರ್ಷ ಹೊಲಿದಿದ್ದೇನೆ, ಒಂದೇ ಕಾಲು ದಪ್ಪಗಾದವರನ್ನು ನಾನು ಕಂಡಿಲ್ಲ ಕಣೋ. ಟೇಪು ಹಿಡಿದು ಬಾ ಇಲ್ಲಿ ಎಂದೆ. ಮೊಣಕಾಲ ಹತ್ತಿರ ಬೆರಳು ತಾಗಿದ್ದಷ್ಟೇ, ಅಷ್ಟು ದೊಡ್ಡ ಹುಡುಗ ಅಯ್ಯೋ ಎಂದು ಗೋಡೆ ಹಿಡಿದುಕೊಂಡ. ನಿನ್ನ ಹೆಂಡತಿ ಅವನನ್ನು ಎಳೆದುಕೊಂಡೇ ಮೂಳೆ ಡಾಕ್ಟರ ಹತ್ತಿರ ಹೋದಳು. ಒಳಗಿನ ಲಿಗಮೆಂಟು ಅರ್ಧ ಹರಿದಿದೆಯಂತೆ. ಆರು ತಿಂಗಳು ಚೆಂಡು ಮುಟ್ಟದಿದ್ದರೆ ಮತ್ತೆ ಆಡಬಹುದು, ಈಗ ಹಾರಿ ಕುಪ್ಪಳಿಸಿ ಪೂರ್ತಿ ಹರಿದುಕೊಂಡರೆ ಜೀವನಪೂರ್ತಿ ಅನುಭವಿಸಬೇಕಾಗುತ್ತದೆ ಎಂದರಂತೆ. ಇವನು ತಲೆಯಾಡಿಸಿ ಬಂದವನು ಮಾರನೆಯ ದಿನವೇ ಶೂ ಕಟ್ಟಿದ.

ಅವಳು ಬೈದಳು, ಅತ್ತಳು, ಊಟ ಬಿಟ್ಟಳು. ನಾನು ಕೋಚ್ ಹತ್ತಿರವೇ ಹೋದೆ. ನಿನ್ನ ಜೊತೆಯವನೇ ಅಲ್ಲವೇ, ನನ್ನ ಕೈಯಡುಗೆ ಉಂಡವನು, ಮಾತು ಕೇಳುತ್ತಾನೆ ಅಂದುಕೊಂಡೆ. ಅವನು ಕುರ್ಚಿ ಹಾಕಿ ಕೂರಿಸಿ, "ಒಂದೇ ಮ್ಯಾಚ್ ಅಲ್ವೇನಮ್ಮ, ಇವರಪ್ಪ ಮೊಣಕಾಲು ಊದಿಸ್ಕೊಂಡೇ ಫೈನಲ್ ಗೆಲ್ಲಿಸ್ಲಿಲ್ವಾ?" ಎಂದು ಬಿಟ್ಟ. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದರೆ ಗಿಡ್ಡನ ಬಾಯಲ್ಲೂ ಅದೇ ಪಾಠ. "ನಾನು ಹೊರಗೆ ಕೂತ್ರೆ ಮುಗೀತಲ್ಲ ಅಜ್ಜಿ. ಅಪ್ಪ ನೋವಲ್ಲೂ ಆಡಿದ್ರು, ಮಗ ಹೆದರ್ಕೊಂಡ ಅಂತಾರೆ" ಎಂದ. ಆ ಫೋಟೋದ ಆಸೆಯಲ್ಲ ಕಣೋ ಅವನಿಗೆ, ನಿನ್ನ ಮುಂದೆ ಸಣ್ಣವನಾಗುತ್ತೇನೆಂಬ ಭಯ. ನಿನ್ನನ್ನು ಅವನು ಹೆಚ್ಚು ಕಂಡಿದ್ದೇ ಆ ಕಥೆಗಳಲ್ಲಿ. ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿರುವ ಅಪ್ಪ ಇನ್ನೆಲ್ಲಿ ಸಿಗಬೇಕು? ಫೈನಲ್ ಹತ್ತಿರ ಬರುತ್ತಿದೆ. ಅವನು ಕೇಳಿದರೆ ನಿನ್ನ ಮಾತೊಂದನ್ನೇ ಕೇಳುವುದು. ಕಾಗದ ಕೈಗೆ ಸಿಕ್ಕ ದಿನವೇ ಏನಾದರೂ ಮಾಡು.

ನೀನೂ ನಿನ್ನ ಎಂಜಿನ್ನೂ ತಣ್ಣಗಿರಿ. ಸಮುದ್ರ ನಿನ್ನ ಮೇಲೆ ಸಿಟ್ಟಾಗದಿರಲಿ. ಇಲ್ಲಿಂದಲೇ ನಿನ್ನ ತಲೆ ಸವರಿದ್ದೇನೆ ಎಂದುಕೋ.

ನಿನ್ನ
ಅಮ್ಮ

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಎಲೆಕ್ಟ್ರಿಷಿಯನ್ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಗಿಡ್ಡನಿಗೆ ಬುದ್ಧಿ ಹೇಳಲು ಹೋಗಬೇಡ, ಹೇಳಿ ಹೇಳಿ ನಮ್ಮ ಬಾಯಿ ಒಣಗಿದೆ. ನನಗಿಂತ ನೀನೇ ಮೇಲು ಎಂದೂ ಅನ್ನಬೇಡ, ನಂಬುವುದಿಲ್ಲ. ಹೋದ ರಜೆಯಲ್ಲಿ ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ನೀನು ಮಹಡಿ ಮೆಟ್ಟಿಲನ್ನು ಹಿಮ್ಮುಖವಾಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿಯುತ್ತಿದ್ದುದನ್ನು ನಾನು ಅಡುಗೆಮನೆಯಿಂದ ನೋಡಿದೆ. ಗಿಡ್ಡ ಬಂದ ಸದ್ದಾದೊಡನೆ ಬೆನ್ನು ನೆಟ್ಟಗೆ ಮಾಡಿ ಸಿಳ್ಳೆ ಹಾಕಿದೆ. ಆ ಫೈನಲ್ ಆಡಿದ ಕಾಲೇ ಅಲ್ಲವೇನೋ ಅದು? ಮುಖ ಕಾಣುವ ಫೋನು ಮಾಡು. ಅದನ್ನು ಎದುರಿಗೆ ಒರಗಿಸಿಟ್ಟು ನೆಲದ ಮೇಲೆ ಕೂರು. ಆಮೇಲೆ ಏಳು. ಬಾಯಿ ಬಿಡಬೇಡ, ಅವನು ನೋಡಲಿ. ಆಗ ನಾನು ಈ ಹಿಂದಿನ ಕೋಣೆಗೆ ಬಂದುಬಿಡುತ್ತೇನೆ. ಅದನ್ನು ಎರಡನೇ ಸಲ ನೋಡಲು ನನ್ನಿಂದಾಗುವುದಿಲ್ಲ ಮಗನೇ.