ಕೆಂಪು ಕಾಟು ಬಿದ್ದ ಹನ್ನೆರಡು ಚೌಕ

ಪುಣೆ ಕ್ಯಾಂಪ್
೧೮ ಫೆಬ್ರುವರಿ ೨೦೦೩

ಚಿರಂಜೀವಿ ಶ್ಯಾಮನಿಗೆ ನಿನ್ನ ಅಕ್ಕನ ಆಶೀರ್ವಾದ.

ಆರೋಗ್ಯವಾಗಿದ್ದೀಯಷ್ಟೇ? ಮುಕ್ತಾಳ ಸೊಂಟನೋವು ಕಡಿಮೆಯಾಯಿತೇ? ಸೊಲ್ಲಾಪುರದ ಬಿಸಿಲನ್ನು ನಂಬಿ ಬಾಣಂತಿ ಕಿವಿ ಬಿಚ್ಚಿಕೊಂಡು ಓಡಾಡಬಾರದು, ಅವಳಿಗೆ ಹೇಳು. ಕೂಸು ರಾತ್ರಿ ನಿದ್ದೆ ಮಾಡುತ್ತದೆಯೇ? ನೀನಂತೂ ಆ ವಯಸ್ಸಿನಲ್ಲಿ ಯಾರನ್ನೂ ಮಲಗಗೊಡುತ್ತಿರಲಿಲ್ಲ. ಅವ್ವ ಸಾಕಾಗಿ ನಿನ್ನನ್ನು ನನ್ನ ತೊಡೆಗೆ ಹಾಕಿ ಹೋಗುತ್ತಿದ್ದಳು. ನನಗಾಗ ಹನ್ನೊಂದು ವರ್ಷ. ಇಲ್ಲಿ ನಾನು ಆರಾಮ. ಹೊಲಿಗೆ ಕ್ಲಾಸಿಗೆ ಈ ತಿಂಗಳು ಇನ್ನಿಬ್ಬರು ಸೇರಿದ್ದಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಕರಗಿಬಿಡುತ್ತೇನೆ. ಕಾಗದದಲ್ಲಿ ಆ ಭಯವಿಲ್ಲ.

ಹೋದ ವಾರ ಮುಕ್ತಾಳ ಈಮೇಲ್ ಬಂತು. ಕೂಸಿನ ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದೇವೆ, ಎಲ್ಲರೂ ನೋಡಿ ಎಂದು ನಲವತ್ತು ಮಂದಿಗೆ ಕಳಿಸಿದ್ದಳು. ಆ ಸಾಲಿನ ಕೊನೆಯಲ್ಲಿ ನನ್ನ ಹೆಸರೂ ಇತ್ತು. ಕೈತಪ್ಪಿ ಸೇರಿತೋ, ಬೇಕೆಂದೇ ಸೇರಿಸಿದಳೋ, ದೇವರೇ ಬಲ್ಲ. ನೀನು ಬಿಟ್ಟುಹೋದ ಕಂಪ್ಯೂಟರಿನಲ್ಲಿ ತಡಮಾಡದೆ ಆ ಪುಟ ತೆರೆದೆ. ಮೇಲೆ 'ಇಂದೂ' ಎಂದು, ಕೂಸಿಗಿಟ್ಟ ನಮ್ಮ ಅವ್ವನ ಹೆಸರು ದೊಡ್ಡದಾಗಿ ಬಂತು, ನನ್ನ ಕಣ್ಣು ತುಂಬಿತು. ಕೆಳಗೆ ನೋಡಿದರೆ ಹನ್ನೆರಡು ಖಾಲಿ ಚೌಕ, ಒಂದೊಂದರ ಮೂಲೆಯಲ್ಲೂ ತಪ್ಪಿನ ಗುರುತಿನಂಥ ಒಂದು ಕೆಂಪು ಕಾಟು. ಹೊಲಿಗೆ ಕ್ಲಾಸಿನ ಹುಡುಗಿಯರ ನೋಟುಬುಕ್ಕನ್ನು ನಾನು ತಿದ್ದಿಟ್ಟ ಹಾಗೆ ಕಾಣುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಮೊದಲು ಯಂತ್ರವನ್ನೇ ಬೈದೆ. ಆಮೇಲೆ ನಿನಗೆ ಫೋನ್ ಮಾಡಿದೆ. ನೀನು ಏನಂದೆ, ನೆನಪಿದೆಯೇ? "ಪೇಜಿನಾಗ ದೋಷ ಅದ ಅಕ್ಕಾ, ಎಲ್ಲಾರಿಗೂ ಹಂಗ ಕಾಣಾಕತ್ತದ. ನೀ ತಲಿ ಕೆಡಿಸ್ಕೋಬ್ಯಾಡ, ಬಿಡು."

ನಾನು ಬಿಡುವವಳೇ? ನನ್ನ ತಮ್ಮನ ಕೂಸು ಅದು. ಕೆಳಗಿನ ಮನೆಯ ಕೃಷ್ಣಾಜಿಯವರು ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತಿದ್ದಾರೆ, ಗೊತ್ತಲ್ಲ. ಕ್ಲಾಸಿನ ನೋಟುಬುಕ್ಕು ಹಿಡಿದುಕೊಂಡೇ ಬಂದರು. ಮೊದಲ ದಿನ ಪುಟವನ್ನು ಮತ್ತೆ ಮತ್ತೆ ತೆರೆಸಿದರು. ಎರಡನೆಯ ದಿನ ಒಳಗೆ ಕೂಡಿಟ್ಟ ಹಳೆಯ ಫೈಲುಗಳನ್ನೆಲ್ಲ ಅಳಿಸಿದರು. ಮಾನಿಟರಿನ ವೈರು ಬಿಚ್ಚಿ ಊದಿ ಮತ್ತೆ ಸಿಕ್ಕಿಸಿದರು. ಕಾಟು ಹೋಗಲಿಲ್ಲ. ಮೂರನೆಯ ದಿನ ಸೆಟ್ಟಿಂಗಿನ ಉದ್ದನೆಯ ಪಟ್ಟಿಯನ್ನು ಬೆರಳಿಟ್ಟು ಓದುತ್ತ ಹೋದವರು ಒಂದು ಕಡೆ ನಿಂತರು. "ತ್ರಿವೇಣಿಬಾಯಿ, ಯಂತ್ರಕ್ಕ ಏನೂ ಆಗಿಲ್ರಿ. ಚಿತ್ರ ತೋರಿಸು ಅನ್ನೋ ಕಡೆ ಟಿಕ್ ಮಾರ್ಕ್ ಯಾರೋ ತಗದಾರ."

ಯಾರೋ ಅಲ್ಲ, ನೀನೇ. ದೀಪಾವಳಿಗೆ ಬಂದಾಗ ನನ್ನ ಎದುರಿಗೇ ತೆಗೆದಿದ್ದೆ: "ಫೋನಿನ ಲೈನ್ ಮ್ಯಾಲೆ ಚಿತ್ರ ಭಾಳ ನಿಧಾನ ಬರ್ತಾವ ಅಕ್ಕಾ, ನಿನಗ ಅಕ್ಷರ ಸಾಕು." ಆಗ ನಿನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಒಪ್ಪುತ್ತೇನೆ. ಆದರೆ ಹೋದ ವಾರ ಫೋನಿನಲ್ಲಿ ನಿನಗೆ ಎಲ್ಲ ಗೊತ್ತಿತ್ತು. ಒಂದು ಟಿಕ್ ಹಾಕು ಎನ್ನಲು ನಿನ್ನ ನಾಲಿಗೆ ಏಳಲಿಲ್ಲ.

ಕೃಷ್ಣಾಜಿ ಟಿಕ್ ಹಾಕಿದರು. ಮೊದಲ ಚಿತ್ರ ಮೇಲಿನಿಂದ ಇಷ್ಟಿಷ್ಟೇ ಇಳಿಯತೊಡಗಿತು. ಮೊದಲು ಮಾವಿನ ತೋರಣ, ಆಮೇಲೆ ಹೂ ಮುಡಿದ ತಲೆಗಳು, ಬಣ್ಣದ ಕಾಗದ ಸುತ್ತಿದ ತೊಟ್ಟಿಲ ಸರಪಳಿ. ಕೂಸಿಗೆ ಕಾಮಾಲೆ, ತೊಟ್ಟಿಲ ಕಾರ್ಯ ಮಾಡಲೇ ಇಲ್ಲ, ಸುಮ್ಮನೆ ಹೆಸರಿಟ್ಟೆವು ಎಂದು ನೀನು ಹೇಳಿದ್ದೆ. ಆಮೇಲೆ ಒಬ್ಬಾಕೆಯ ಮುಖ ಬಂತು. ಮುಕ್ತಾಳ ಅಕ್ಕ ನೀತಾ, ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಗೆ ತುಟಿ ಹಚ್ಚಿದ್ದಾಳೆ. ಹಿಂದೆ ನಾಲ್ಕು ಮಂದಿ ನಗುತ್ತ ಅವಳ ಬೆನ್ನಿಗೆ ಗುದ್ದಲು ಮುಷ್ಟಿ ಎತ್ತಿದ್ದಾರೆ. ಹೆಸರು ಹೇಳಿ ಕಿವಿಯಲ್ಲಿ 'ಕುರ್ರ್' ಎನ್ನುವುದು ಸೋದರತ್ತೆಯ ಹಕ್ಕು, ಬೆನ್ನಿಗೆ ಗುದ್ದಿಸಿಕೊಳ್ಳುವುದೂ ಅವಳದೇ ಹಕ್ಕು. ಆ ಕೂಸಿಗೆ ಸೋದರತ್ತೆ ಅಂತ ಭೂಮಿಯ ಮೇಲೆ ಇರುವವಳು ನಾನೊಬ್ಬಳೇ. ಕೃಷ್ಣಾಜಿ ಚಹಾ ಮುಗಿಸದೆ ಎದ್ದುಹೋದರು.

ಕಾರಣ ನೀನು ಹೇಳಬೇಕಾಗಿಲ್ಲ. ನಿನ್ನ ಭಾವ ಹೋಗಿ ನಾಲ್ಕು ವರ್ಷವಾಯಿತು. ಬೋಳುಹಣೆಯವಳು ತೊಟ್ಟಿಲ ಹತ್ತಿರ ಬರಬಾರದೆಂದು ಮುಕ್ತಾಳ ಮನೆಯ ಹಿರಿಯರು ಅಂದಿರಬಹುದು. ಅವರು ಪರರು, ಅನ್ನಲಿ. ನೀನು ಯಾಕೆ ಸುಮ್ಮನಿದ್ದೆ? ಅವ್ವ ಹೋದಾಗ ನಿನಗೆ ಆರು ವರ್ಷ. ಆಮೇಲೆ ನಿನಗೆ ಅನ್ನ ಕಲಸಿ ತಿನ್ನಿಸಿದ್ದು ಈ ಕೈಯೇ. ಮುಖಕ್ಕೆ ಹೊಡೆದ ಹಾಗೆ, ಅಕ್ಕಾ ನೀ ಬರಬ್ಯಾಡ ಎಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ. ಇಲ್ಲದ ರೋಗವನ್ನು ಎಳೆಗೂಸಿಗೆ ಅಂಟಿಸಿದೆಯಲ್ಲೋ! ಅದನ್ನು ನಂಬಿ ನಾನು ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತು, ಹೋಗಿ ಅರಿಸಿನದ ಭಂಡಾರ ಹಾರಿಸಿಯೂ ಬಂದೆ. ಆ ಪ್ರಸಾದ ನಿನಗೆ ಅಂಚೆಯಲ್ಲಿ ಮುಟ್ಟಿತು. ಆಗಲಾದರೂ ಬಾಯಿ ಬಿಡಬಾರದಿತ್ತೇ? ಇನ್ನೊಂದು ಮಾತು. ಏಳನೆಯ ಚಿತ್ರದಲ್ಲಿ ಕೂಸಿನ ತಲೆಯ ಮೇಲೆ ಹಸಿರು ಖಣದ ಕುಂಚಿಗೆ ಇದೆ, ಅಂಚಿಗೆ ಕೆಂಪು ಗೋಟು. ಅದನ್ನು ನಾನು ಕಳಿಸಿದ್ದು. ನಾನು ಹೊಲಿದದ್ದು ತೊಟ್ಟಿಲಿಗೆ ನಡೆಯಿತು, ನಾನು ನಡೆಯಲಿಲ್ಲ.

ನನಗೆ ಬಹಳ ನೋವಾಗಿದೆ ಶ್ಯಾಮ. ಸಿಟ್ಟೂ ಬಂದಿದೆ. ಮುಕ್ತಾಳನ್ನು ಬೈಯಬೇಡ, ಹಸಿ ಬಾಣಂತಿ. ಅಂಟಿನುಂಡೆ ಮಾಡಿಟ್ಟಿದ್ದೇನೆ. ಕೂಸಿಗೆ ನೂರು ವರ್ಷ ಆಯುಷ್ಯವಾಗಲಿ, ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ತ್ರಿವೇಣಿ

ತಾ.ಕ.: ಬರುವ ಭಾನುವಾರ ಬೆಳಗಿನ ಗಾಡಿಗೆ ಟಿಕೆಟ್ ತೆಗೆಸಿದ್ದೇನೆ. ನಿಮ್ಮ ಮನೆಗೆ ಬರುವುದಿಲ್ಲ, ಯಾರಿಗೂ ಮುಜುಗರ ಬೇಡ. ಕೂಸನ್ನು ಆ ಕುಂಚಿಗೆಯಲ್ಲೇ ಸುತ್ತಿ ಸ್ಟೇಷನ್ನಿಗೆ ಕರೆದುಕೊಂಡು ಬಾ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅವ್ವನ ಹೆಸರನ್ನು ಅದರ ಕಿವಿಯಲ್ಲಿ ಹೇಳಿ ಸಂಜೆಯ ಗಾಡಿಗೆ ಹಿಂದಿರುಗುತ್ತೇನೆ. ಬೆನ್ನಿಗೆ ಗುದ್ದಲು ನೀನೊಬ್ಬ ಇದ್ದರೆ ಸಾಕು. ಈ ಸಲ ಕಾಮಾಲೆ ಎನ್ನಬೇಡ.